ಟ್ರಂಕಿನ ತಳದ ಉರ್ದು ಕಾಗದ

ಬೀದರ್ ಕಡೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳಲು ಕೂತರೆ ಮೊದಲು ಹೊರಬರುವುದು ತಾತನ ಟ್ರಂಕು. ತಳದಲ್ಲಿ ಮಡಿಕೆಗೆ ಹರಿದ, ಹಳದಿ ಬಿದ್ದ ಕಾಗದ. ಬರೆದಿರುವುದು ಉರ್ದುವಿನಲ್ಲಿ. ಮನೆಯಲ್ಲಿ ಓದುವವರು ಯಾರೂ ಇಲ್ಲ. ಓಣಿಯ ಹಿರಿಯರೊಬ್ಬರನ್ನು ಕರೆಸುತ್ತಾರೆ: "ಚಾಚಾ, ಇದರಾಗ ಏನ್ ಬರ್ದದ ನೋಡ್ರಿ." ಚಾಚಾ ಉರ್ದು ಓದಿ ಕನ್ನಡದಲ್ಲಿ ಹೇಳುತ್ತಾರೆ. ಸೊಸೆಯ ತವರು ಉದಗೀರ ಆಗಿದ್ದರೆ ನಡುವೆ ಮರಾಠಿಯೂ ಬರುತ್ತದೆ.

ಲಿಂಗಾಯತರ ಹೊಲದ ಕಾಗದ ಉರ್ದುವಿನಲ್ಲಿ ಯಾಕಿದೆ?

ಬಹಮನಿ ಸುಲ್ತಾನ ಅಹ್ಮದ್ ಶಾ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ದರ್ಬಾರಿನ ಭಾಷೆ ಪಾರ್ಸಿ. ಕೆಲಸ ಹುಡುಕಿಕೊಂಡು ಇರಾನಿನಿಂದ ಜನ ಬಂದರು. ಮೊದಲಿನಿಂದ ಇಲ್ಲೇ ಇದ್ದ ದಖನಿ ಸರದಾರರಿಗೆ ಇದು ಹಿಡಿಸಲಿಲ್ಲ. ಗಿಲಾನ್‌ನಿಂದ ಬಂದು ವಜೀರನಾದ ಮಹಮೂದ್ ಗಾವಾನ್ 1472ರಲ್ಲಿ ಮದರಸಾ ಕಟ್ಟಿಸಿದ. ಒಂಬತ್ತು ವರ್ಷಕ್ಕೆ ಅವನ ತಲೆ ಉರುಳಿತು. ವಿರೋಧಿಗಳು ಅವನ ಮೊಹರು ಒತ್ತಿದ ಸುಳ್ಳು ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದ್ದರು. ಅಲ್ಲೂ ಒಂದು ಕಾಗದವೇ! ಎರಡೂ ಕಡೆಯವರು ಮುಸ್ಲಿಮರೇ, ಜಗಳ ಮಾತ್ರ ಹೊರಗಿನವರು-ಒಳಗಿನವರದು. ಆ ಕಾಲದಲ್ಲಿ ಎಲ್ಲರೂ ಹಾಲು-ಜೇನಿನಂತೆ ಇದ್ದರು ಅನ್ನುವವರು ಇದನ್ನು ಮರೆಯುತ್ತಾರೆ.

ಕಾಗದದಲ್ಲಿ ಉರ್ದು ಬಂದದ್ದು ನಿಜಾಮರ ಕಾಲದಲ್ಲಿ. 19ನೇ ಶತಮಾನದ ಕೊನೆಗೆ ಕಚೇರಿಯಲ್ಲಿ ಪಾರ್ಸಿ ಹೋಗಿ ಉರ್ದು ಕೂತಿತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲೇ. ನೌಕರಿ ಬೇಕಂದರೆ ಬ್ರಾಹ್ಮಣರ ಹುಡುಗನಾದರೂ, ಲಿಂಗಾಯತರ ಹುಡುಗನಾದರೂ ಅಲೀಫ್, ಬೇ ತಿದ್ದಲೇಬೇಕು. ಹಾಗಾಗಿ ನಮ್ಮ ತಾತಂದಿರಿಗೆ ಉರ್ದು ಬರುತ್ತಿತ್ತು. ಕನ್ನಡ ಓದಲು ಕಷ್ಟವಿತ್ತು. ಭಾಲ್ಕಿ ಮಠದ ಸ್ವಾಮಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಇಲ್ಲಿ ಮನೆಮಾತು. ಸುಮ್ನೆ ಯಾರೂ ಹಾಗೆ ಮಾಡುವುದಿಲ್ಲ, ಅಲ್ವಾ?

1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತ ಸೇರಿತು. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ಗೆರೆ ಎಳೆದಾಗ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಕಡೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆಗೆ, ಉಳಿದದ್ದು ಕನ್ನಡಕ್ಕೆ. ಬೀಗತನಕ್ಕೆ ಆ ಗೆರೆ ಅಡ್ಡ ಬರಲಿಲ್ಲ. ಔರಾದ್ ಸಂತೆಯಲ್ಲಿ ಇವತ್ತೂ ಒಂದೇ ಅಂಗಡಿಯವ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾನೆ.

ಆದರೆ ಮಾತು ಉಳಿದಷ್ಟು ಓದು ಉಳಿಯಲಿಲ್ಲ. ಹಳೇ ಗುಮಾಸ್ತರ ಓಡುಬರಹವನ್ನು ಬಿಡಿಸಿ ಓದುವವರು ದಿನೇದಿನೇ ಕಮ್ಮಿಯಾಗುತ್ತಿದ್ದಾರೆ. ಚಾಚಾ ಇಲ್ಲದ ದಿನ ಅವರ ಮೊಮ್ಮಗನ ಮುಂದೆ ಕಾಗದ ಹಿಡಿದರೆ ಅವನೂ ತಲೆ ಕೆರೆದುಕೊಳ್ಳುತ್ತಾನೆ. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೇಳುತ್ತಾನೆ: "ದಾದಾಗ ತೋರಿಸ್ತೀನ್ರಿ, ನಾಳಿಗ್ ಬರ್ರಿ."