ಬೂಷ್ಟಿಗೂ ಬರುವ ಕಾಯಿಲೆ

ಗೋವಾದ ಫೋಂಡಾ ಬಳಿ ಶಿರಸಿ ಮೂಲದ ಪರಿಚಿತರೊಬ್ಬರ ಅಡಿಕೆ ತೋಟವಿದೆ. ಮಳೆಗಾಲಕ್ಕೆ ಮುನ್ನ ಹೋದಾಗ ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕದಡುತ್ತಿದ್ದರು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕತ್ತಿಯನ್ನು ಅದ್ದಿ ಎತ್ತಿದರು. ಅಲಗಿಗೆ ತಾಮ್ರದ ಕೆಂಪು ಹತ್ತಿತ್ತು. "ಸುಣ್ಣ ಸಾಲದು" ಎಂದು ಇನ್ನಷ್ಟು ಸುರಿದರು. ತೋಟದ ಅಂಚಿನಲ್ಲಿ ಒಂದು ದೃಷ್ಟಿಬೊಂಬೆಯೂ ನಿಂತಿತ್ತು. ಅದಕ್ಕೆ ಯಾವ ಪರೀಕ್ಷೆಯೂ ಇಲ್ಲ, ಪ್ರತಿವರ್ಷ ಹಾಗೆಯೇ ಪಾಸು.

ಗಿಡಮರಗಳನ್ನು ಕೊಲ್ಲುವ ಬೂಷ್ಟನ್ನೇ ಹಿಡಿಯುವ ವೈರಸ್‌ಗಳಿವೆ ಎಂದೆ. "ಇನ್ನೊಂದು ಪೀಡೆಯೇ, ಮಾರಾಯರೇ?" ಎಂದರು. ಕೊರೊನಾದ ನಂತರ ವೈರಸ್ ಎಂಬ ಮಾತಿಗೆ ಎಲ್ಲರಲ್ಲೂ ಉಳಿದಿರುವ ಅರ್ಥ ಇದೊಂದೇ. ವೈರಿಗೆ ಬಂದ ಜ್ವರ ನಮಗೆ ಪೀಡೆ ಹೇಗಾದೀತು?

1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಚೆಸ್ಟ್‌ನಟ್ ಮರಗಳು ಒಣಗತೊಡಗಿದವು. ಏಷ್ಯಾದಿಂದ ತರಿಸಿದ ಸಸಿಗಳ ಜೊತೆ ಬಂದಿದ್ದ ಕ್ರೈಫೊನೆಕ್ಟ್ರಿಯಾ ಪ್ಯಾರಾಸಿಟಿಕಾ ಎಂಬ ಶಿಲೀಂಧ್ರ ಅರ್ಧ ಶತಮಾನದಲ್ಲಿ ಮುನ್ನೂರು ಕೋಟಿಗೂ ಹೆಚ್ಚು ಮರಗಳನ್ನು ತಿಂದು ಹಾಕಿತು. 1938ರಲ್ಲಿ ಅದು ಇಟಲಿಯ ಜಿನೋವಾದಲ್ಲೂ ಕಾಣಿಸಿತು. ಆದರೆ 1950ರ ದಶಕದ ಆರಂಭದಲ್ಲಿ ಆಂಟೋನಿಯೊ ಬಿರಾಗಿ ಎಂಬ ಸಸ್ಯರೋಗ ತಜ್ಞರು ನೋಡುತ್ತಾರೆ, ಕೆಲವು ಮರಗಳ ಹುಣ್ಣು ತಾನಾಗಿ ಮಾಯುತ್ತಿದೆ! ಫ್ರಾನ್ಸಿನ ಜ್ಯಾಂ ಗ್ರಾಂತ್ ಆ ಹುಣ್ಣಿನ ಬೂಷ್ಟನ್ನು ಬೆಳೆಸಿದಾಗ ಅದು ಎಂದಿನ ಕಿತ್ತಳೆ ಬಣ್ಣ ಬಿಟ್ಟು ಬೆಳ್ಳಗೆ ಬಿಳಿಚಿಕೊಂಡಿತ್ತು. ಕಾಯಿಲೆ ಬಿದ್ದಿದ್ದದ್ದು ರೋಗವೇ.

ಬೂಷ್ಟಿಗೆ ಈ ಕಾಯಿಲೆ ಹತ್ತಿಸಿದ್ದು ಹೈಪೋವೈರಸ್ ಎಂಬ ವೈರಸ್. ಅದಕ್ಕೆ ಪ್ರೋಟೀನಿನ ಅಂಗಿಯೂ ಇಲ್ಲ. ಪೊರೆಯ ಗುಳ್ಳೆಯೊಳಗೆ ಬರಿಯ ಆರ್‌ಎನ್‌ಎ. ಗಾಳಿ, ನೀರು, ಸೀನು ಯಾವುದೂ ಅದಕ್ಕೆ ವಾಹನವಲ್ಲ. ಬೀಜಕಣದೊಳಗೆ ಅಡಗಿ ಹೋಗಬೇಕು, ಇಲ್ಲವೇ ಎರಡು ಬೂಷ್ಟುಗಳ ಎಳೆಗಳು ಎದುರಾಗಿ, ಬೆಸೆದು, ಒಳರಸ ಬೆರೆಯಬೇಕು. ವಠಾರದ ನಡುಗೋಡೆ ಒಡೆದು ಎರಡು ಅಡುಗೆಮನೆ ಒಂದಾದ ಹಾಗೆ. ಅಥವಾ ಎರಡು ಗದ್ದೆಗಳ ನಡುವಿನ ಬದು ಕಿತ್ತು ಇದರ ಮೀನು ಅದಕ್ಕೆ ನುಗ್ಗಿದ ಹಾಗೆ. ಆದರೆ ಬೆಸುಗೆಗೆ ಮೊದಲು ಜಾತಕ ನೋಡುವುದುಂಟು, ಮತ್ತು ಇದು ನಿಜವಾಗಿಯೂ ಫಲ ಹೇಳುವ ಜಾತಕ! ಕನಿಷ್ಠ ಆರು ಜೀನ್‌ಗಳು, ಒಂದೊಂದಕ್ಕೆ ಎರಡೆರಡು ರೂಪ. ಒಟ್ಟು 64 ಗೋತ್ರ. ನಮ್ಮಲ್ಲಿ ಸಗೋತ್ರ ಕೂಡದು, ಅಲ್ಲಿ ಸಗೋತ್ರವೇ ಬೇಕು. ಗೋತ್ರ ಬೇರೆಯಾದರೆ ತಾಗಿದ ಕೋಶಗಳು ತಾವೇ ಸಾಯುತ್ತವೆ, ವೈರಸ್ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ. ಯುರೋಪಿನಲ್ಲಿ ಗೋತ್ರಗಳು ಕಡಿಮೆ, ಸೋಂಕು ಸಲೀಸಾಗಿ ಹಬ್ಬಿ ಮರಗಳು ಉಳಿದವು. ಅಮೆರಿಕದಲ್ಲಿ ಗೋತ್ರಗಳ ಜಾತ್ರೆ, ಅಲ್ಲಿ ಸೋತಿತು. 2016ರಲ್ಲಿ ಮೇರಿಲ್ಯಾಂಡಿನ ಸಂಶೋಧಕರು ನಾಲ್ಕು ಜೀನ್‌ಗಳನ್ನು ಕೆಡಿಸಿ, ಗೋತ್ರ ಬೇರೆಯಾದರೂ ವೈರಸ್ ದಾಟಿಸಬಲ್ಲ ಬೂಷ್ಟನ್ನು ತಯಾರಿಸಿದರು.

"ಹಾಗಾದರೆ ನಮ್ಮ ಕೊಳೆಗೆ?" ಎಂದರು ಅವರು. ಕೊಳೆರೋಗ ಎಂಬ ನಮ್ಮ ಶಬ್ದ 1876ರಲ್ಲಿಯೇ ಲ್ಯಾಟಿನ್ ಹೆಸರಿಗೆ ಏರಿದೆ; ಕಾಫಿ ಎಲೆ ಕೊಳೆಸುವ ಬೂಷ್ಟಿಗೆ ಕುಕ್ ಎಂಬವರು ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದೇ ಹೆಸರಿಟ್ಟರು. ಅಡಿಕೆಯ ಕೊಳೆಗೆ ಕಾರಣವಾದ ಫೈಟಾಫ್ತೊರಾ ಮಾತ್ರ ಶಿಲೀಂಧ್ರವೇ ಅಲ್ಲ. ಅದರ ನೆಂಟಸ್ತಿಕೆ ಗೋವಾದ ಅಂಜುಣಾ ಕಡಲತೀರದ ಬಂಡೆಗಳಿಗೆ ಅಂಟಿದ ಕಂದು ಕಡಲಪಾಚಿಯೊಂದಿಗೆ. ಫೈಟಾಫ್ತೊರಾಗೂ ವೈರಸ್‌ಗಳುಂಟು, ಆದರೆ ಅವು ಇನ್ನೂ ಅಡಿಕೆ ಮರಕ್ಕೆ ಹೊಡೆಯುವ ಮದ್ದಾಗಿಲ್ಲ ಎಂದೆ.

ಅವರು ಕತ್ತಿಯನ್ನು ಉಜ್ಜಿ ಮತ್ತೆ ಅದ್ದಿದರು. ಈ ಸಲ ಅಲಗಿಗೆ ಕೆಂಪು ಹತ್ತಲಿಲ್ಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ಕೂಗಿದರು.