ತೊಗರಿಯ ನೆಟೆ ರೋಗ: ಮಣ್ಣಿನೊಳಗೆ ಬೂಷ್ಟಿಗೂ ಬೂಷ್ಟಿಗೂ ಜಗಳ

ನವೆಂಬರ್ ಬಂತೆಂದರೆ ಕಲಬುರಗಿ ಸುತ್ತ ನನಗೆ ಕೇಳಿಬರುವ ದೂರು ಒಂದೇ. "ಟ್ರೈಕೋಡರ್ಮಾ ಹಾಕೀನ್ರೀ ಸರ್, ಆದ್ರೂ ಗಿಡ ಒಣಗ್ಲತ್ತಾವ್ರೀ." ಆಳಂದ ಕಡೆಯವರೂ ಇದನ್ನೇ ಹೇಳುತ್ತಾರೆ, ಜೇವರ್ಗಿ ಕಡೆಯವರೂ ಇದನ್ನೇ ಹೇಳುತ್ತಾರೆ. 2022ರ ಹಂಗಾಮಿನಲ್ಲಿ ಗಿಡ ಬಾಡಿ ಒಣಗಿಹೋಗುವ ಈ ನೆಟೆ ರೋಗ ನಮ್ಮ ಜಿಲ್ಲೆಯ ತೊಗರಿಯನ್ನು ಎಷ್ಟು ಹಾಳು ಮಾಡಿತು ಅಂತ ಎಲ್ಲರಿಗೂ ನೆನಪಿದೆ, ಸರ್ಕಾರ ಪರಿಹಾರ ಕೊಡಬೇಕಾಯಿತು. ಹಾಗಾಗಿ ಈ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಟ್ರೈಕೋಡರ್ಮಾ ಔಷಧಿ ಅಲ್ಲ. ಅದು ಜೀವ ಇರುವ ಬೂಷ್ಟು. ಅದನ್ನು ನಾವು ಮಣ್ಣಿಗೆ ಬಿಡುವುದು ಇನ್ನೊಂದು ಬೂಷ್ಟಿನ ಜೊತೆ ಜಗಳಕ್ಕೆ. ಆ ಇನ್ನೊಂದು ಬೂಷ್ಟು ಸುಮ್ನೆ ಕೂತು ಹೊಡೆಸಿಕೊಳ್ಳುವ ಜಾತಿಯದಲ್ಲ.

ಮೊದಲು ಎದುರಾಳಿ ಯಾರು ಅಂತ ನೋಡಿ. ಒಣಗಿದ ಗಿಡವನ್ನು ಬೇರು ಸಮೇತ ಕಿತ್ತು, ಬುಡದ ಸಿಪ್ಪೆ ತೆಗೆದು, ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಂದು ಇಲ್ಲವೇ ಕಪ್ಪು ಗೆರೆಗಳು ಮೇಲಕ್ಕೆ ಹೋಗಿದ್ದರೆ, ಹೊರಗೆ ಬುಡದಿಂದ ಒಂದು ನೇರಳೆ ಪಟ್ಟಿ ಎದ್ದಿದ್ದರೆ, ಅದು ಫ್ಯುಸೇರಿಯಂ ಉಡಮ್ ಅನ್ನುವ ಬೂಷ್ಟು. ಈ ಹೆಸರು ಇಟ್ಟವರು ಬಿಹಾರದ ಪೂಸಾದಲ್ಲಿದ್ದ ಸಸ್ಯರೋಗ ವಿಜ್ಞಾನಿ ಎಡ್ವಿನ್ ಬಟ್ಲರ್, 1910ರಲ್ಲಿ. ಬೇರು ಒಣಗಿ, ಮುರಿದರೆ ಪಟ್ಟನೆ ಮುರಿಯುವಂತಿದ್ದರೆ ಅದು ಬೇರೆ, ಒಣ ಬೇರು ಕೊಳೆ. ಅದಕ್ಕೆ ಕಾರಣ ಮ್ಯಾಕ್ರೋಫೋಮಿನಾ ಅನ್ನುವ ಇನ್ನೊಂದು ಬೂಷ್ಟು. ರೈತರು ಎರಡಕ್ಕೂ ನೆಟೆ ಅಂತಲೇ ಅನ್ನುತ್ತಾರೆ.

ಈಗ ಜಗಳದ ವಿಷಯ. ಬೂಷ್ಟಿನ ಎಳೆಯ ಗೋಡೆ ಮುಖ್ಯವಾಗಿ ಕೈಟಿನ್ ಮತ್ತು ಗ್ಲೂಕಾನ್ ಅನ್ನುವ ವಸ್ತುಗಳಿಂದ ಆಗಿರುತ್ತದೆ. ಟ್ರೈಕೋಡರ್ಮಾ ಎದುರಾಳಿಯ ಎಳೆಗೆ ಸುತ್ತಿಕೊಂಡು, ಆ ಗೋಡೆಯನ್ನು ಕರಗಿಸುವ ಪ್ರೋಟೀನುಗಳನ್ನು ಹೊರಗೆ ಬಿಡುತ್ತದೆ. ಕೈಟಿನ್ ಕರಗಿಸುವ ಪ್ರೋಟೀನ್ ಕೈಟಿನೇಸ್. ಕೆಲವು ಟ್ರೈಕೋಡರ್ಮಾ ಜಾತಿಗಳಲ್ಲಿ ಇದಕ್ಕೇ 25ಕ್ಕೂ ಹೆಚ್ಚು ಜೀನ್‌ಗಳಿವೆ. ಗೋಡೆ ತೂತಾದ ಮೇಲೆ ಒಳಗಿನದೆಲ್ಲ ಅದಕ್ಕೆ ಊಟ. ರಿಚರ್ಡ್ ವೈಂಡ್ಲಿಂಗ್ ಅನ್ನುವ ವಿಜ್ಞಾನಿ 1932ರಲ್ಲೇ ಈ ಸುತ್ತಿಕೊಳ್ಳುವ ಬುದ್ಧಿಯನ್ನು ಕಂಡು ಬರೆದಿದ್ದರು.

ಇಷ್ಟು ಕಥೆ ಎಲ್ಲ ಟ್ರೈಕೋಡರ್ಮಾ ಪೊಟ್ಟಣದ ಹಿಂದೆಯೂ ಸಿಗುತ್ತದೆ. ಅಲ್ಲಿ ಬರೆಯದೇ ಇರುವುದು ರೋಗದ ಬೂಷ್ಟಿನ ಕೈಯಲ್ಲಿ ಏನಿದೆ ಅನ್ನುವುದು.

ಮೆಕ್ಕೆಜೋಳಕ್ಕೆ ಬರುವ ಕಾಡಿಗೆ ರೋಗದ ಬೂಷ್ಟನ್ನೇ ತೆಗೆದುಕೊಳ್ಳಿ, ಹೆಸರು ಉಸ್ಟಿಲಾಗೊ ಮೇಡಿಸ್. ಅದರ ಕೆಲವು ತಳಿಗಳ ಒಳಗೆ ಒಂದು ವೈರಸ್ ಇರುತ್ತದೆ. ವೈರಸ್ಸಿನಿಂದ ಬೂಷ್ಟು ಸಾಯುವುದಿಲ್ಲ, ಬದಲಿಗೆ ಆ ವೈರಸ್ಸಿನ ಜೀನ್‌ನಿಂದ ಒಂದು ವಿಷದ ಪ್ರೋಟೀನ್ ತಯಾರಾಗುತ್ತದೆ, ಅದು ಹೊರಗೆ ಹೋಗಿ ಪಕ್ಕದಲ್ಲಿ ಬೆಳೆಯುತ್ತಿರುವ ತನ್ನದೇ ಜಾತಿಯ ಬೇರೆ ತಳಿಯನ್ನು ಕೊಲ್ಲುತ್ತದೆ. ಇಂಥ ಪ್ರೋಟೀನುಗಳಲ್ಲಿ ಒಂದು ಕೆಪಿ4. ಜೀವಕೋಶದೊಳಗೆ ಕ್ಯಾಲ್ಸಿಯಂ ಹೋಗುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಈ ಜೀನನ್ನು ಗೋಧಿಗೆ ಸೇರಿಸಿ, ಗೋಧಿಯ ಕಾಡಿಗೆ ರೋಗ ಕಡಿಮೆಯಾಗುವುದನ್ನು ತೋರಿಸಿದ್ದಾರೆ.

ನನಗೆ ಇನ್ನೂ ಮುಖ್ಯ ಅನ್ನಿಸಿದ್ದು ವರ್ಟಿಸಿಲಿಯಂ ಡಾಲಿಯೆ ಅನ್ನುವ ಬೂಷ್ಟಿನ ಮೇಲೆ ನೆದರ್ಲೆಂಡ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು ಮಾಡಿದ ಕೆಲಸ. ಇದು ಹತ್ತಿ, ಟೊಮ್ಯಾಟೊ ಸೊರಗಿಸುವ ಬೂಷ್ಟು, ನಮ್ಮ ಫ್ಯುಸೇರಿಯಂ ಹಾಗೆಯೇ ಬೇರಿನಿಂದ ಒಳಗೆ ಹೋಗಿ ನೀರಿನ ನಾಳ ಹಿಡಿಯುವಂಥದ್ದು. ಗಿಡಕ್ಕೆ ನುಗ್ಗುವಾಗ ಅದು ಬಿಡುವ ಒಂದು ಪ್ರೋಟೀನ್, ಗಿಡವನ್ನು ಕಾಯುತ್ತಿರುವ ಬ್ಯಾಕ್ಟೀರಿಯಾಗಳನ್ನು ಹೊಡೆಯುತ್ತದೆ ಅಂತ 2020ರಲ್ಲಿ ತೋರಿಸಿದರು. 2021ರಲ್ಲಿ ಇನ್ನೊಂದು ಪ್ರೋಟೀನ್ ಸಿಕ್ಕಿತು, ವಿಡಿಎಎಂಪಿ3. ಇದು ಹೊಡೆಯುವುದು ಬೇರೆ ಬೂಷ್ಟುಗಳನ್ನು. ಯಾವಾಗ ಬಿಡುತ್ತದೆ ಗೊತ್ತಾ? ಗಿಡ ಸತ್ತು ಕೊಳೆಯುತ್ತಿರುವಾಗ, ತಾನು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವುದಕ್ಕೆ ಸಣ್ಣ ಕಪ್ಪು ಗಂಟುಗಳನ್ನು ಕಟ್ಟಿಕೊಳ್ಳುವ ಹೊತ್ತಿಗೆ. ಸತ್ತ ಗಿಡಕ್ಕೆ ನೂರಾರು ಬೂಷ್ಟು ಮುತ್ತಿಕೊಳ್ಳುತ್ತವೆ ಅಲ್ವಾ, ಅವನ್ನು ದೂರ ಇಟ್ಟರೆ ತಾನೇ ಇದರ ಗಂಟು ಉಳಿಯುವುದು. ಈ ಪ್ರೋಟೀನಿನ ಜೀನ್ ಇಲ್ಲದ ವರ್ಟಿಸಿಲಿಯಂ, ಕೊಳೆಯುವ ಗಿಡದಲ್ಲಿ ಮೊದಲಿನಷ್ಟು ಬೆಳೆಯಲಿಲ್ಲ.

ತೊಗರಿಯ ಫ್ಯುಸೇರಿಯಂ ಬೇರೆ ಬೂಷ್ಟು, ಇದೇ ಪ್ರೋಟೀನ್ ಅದರಲ್ಲೂ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಫ್ಯುಸೇರಿಯಂ ಕುಲದವೂ ಕೈ ಕಟ್ಟಿ ಕೂರುವುದಿಲ್ಲ. ಗೋಧಿಯ ತೆನೆಗೆ ಬರುವ ಫ್ಯುಸೇರಿಯಂ ಒಂದು ವಿಷ ಮಾಡುತ್ತದೆ, ಅದು ಪ್ರೋಟೀನ್ ಅಲ್ಲ, ಆದರೆ ಟ್ರೈಕೋಡರ್ಮಾದ ಕೈಟಿನೇಸ್ ಜೀನನ್ನೇ ಅದು ತಗ್ಗಿಸುತ್ತದೆ ಅಂತ 2003ರಲ್ಲೇ ಗೊತ್ತಾಗಿದೆ. ಅಂದರೆ ಟ್ರೈಕೋಡರ್ಮಾ ಆಯುಧ ಎತ್ತುವ ಮೊದಲೇ ಅದರ ಕೈ ಹಿಡಿಯುವುದು.

ಇದನ್ನೆಲ್ಲ ಓದಿದ ಮೇಲೆ ನಾನು ರೈತರಿಗೆ ಒತ್ತಿ ಹೇಳುವುದು ಸಮಯದ ಬಗ್ಗೆ. ಜಾಗ ಹಿಡಿದು ಕೂತ ಬೂಷ್ಟನ್ನು ಎಬ್ಬಿಸುವುದು ಬಹಳ ಕಷ್ಟ. ಹೂವಿಗೆ ಬಂದ ಗಿಡ ಬಾಡಿದ ಮೇಲೆ ಬುಡಕ್ಕೆ ಟ್ರೈಕೋಡರ್ಮಾ ಸುರಿದರೆ, ಫ್ಯುಸೇರಿಯಂ ಆಗಲೇ ಕಾಂಡದ ಒಳಗೆ ನಾಳದಲ್ಲಿ ಇರುತ್ತದೆ, ಟ್ರೈಕೋಡರ್ಮಾ ಹೊರಗೆ ಮಣ್ಣಿನಲ್ಲಿ ಇರುತ್ತದೆ. ಆ ಗಿಡ ಉಳಿಯುವುದಿಲ್ಲ. ದುಡ್ಡು ದಂಡ.

ಟ್ರೈಕೋಡರ್ಮಾ ಬೇರಿಗೆ ಮೊದಲು ತಲುಪಬೇಕು. ಒಂದು ಕೆ.ಜಿ. ಬೀಜಕ್ಕೆ 4 ಗ್ರಾಂ ಹಚ್ಚಿ. ಜೊತೆಗೆ ಎಕರೆಗೆ 2 ಕೆ.ಜಿ.ಯಂತೆ ಒಂದು ಕ್ವಿಂಟಲ್ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಗುಡ್ಡೆ ಮಾಡಿ, ಗೋಣಿಚೀಲ ಮುಚ್ಚಿ, ಆಗಾಗ ನೀರು ಚಿಮುಕಿಸುತ್ತಾ 15 ದಿನ ಬಿಡಿ. ಮಿರಗದ (ಮೃಗಶಿರಾ) ಮಳೆಗೆ ಮೊದಲೇ ಈ ಕೆಲಸ ಶುರು ಮಾಡಬೇಕು. ಗುಡ್ಡೆ ಕೆದಕಿದರೆ ಹಸಿರು ಪುಡಿ ಕಾಣಬೇಕು, ಆಗ ಅದು ಹೊಲಕ್ಕೆ ಹೋಗಲು ತಯಾರು. ಗೊಬ್ಬರವಿಲ್ಲದ ಬರಡು ಎರೆ ಹೊಲಕ್ಕೆ ಪೊಟ್ಟಣ ಒಡೆದು ಹಾಗೇ ಚೆಲ್ಲಿದರೆ ಅದಕ್ಕೆ ತಿನ್ನಲೂ ಇಲ್ಲ, ನಿಲ್ಲಲೂ ಇಲ್ಲ. ಅಂಗಡಿಯಲ್ಲಿ ಬಿಸಿಲಿಗೆ ಇಟ್ಟ, ತಾರೀಖು ಮುಗಿದ ಪೊಟ್ಟಣದಲ್ಲಿ ಬರೀ ಪುಡಿ ಉಳಿದಿರುತ್ತದೆ. ದಯವಿಟ್ಟು ತಾರೀಖು ನೋಡಿಯೇ ತಗೊಳ್ಳಿ. ಬೀಜಕ್ಕೆ ಕಾರ್ಬೆಂಡಜಿಮ್ ಹಚ್ಚಿ, ಅದರ ಮೇಲೆಯೇ ಟ್ರೈಕೋಡರ್ಮಾ ಹಚ್ಚುವವರೂ ಜಾಸ್ತಿ ಇದ್ದಾರೆ. ಕಾರ್ಬೆಂಡಜಿಮ್ ಬೂಷ್ಟು ಕೊಲ್ಲುವ ಔಷಧಿ, ನಿಮ್ಮ ಟ್ರೈಕೋಡರ್ಮಾ ಕೂಡ ಬೂಷ್ಟೇ, ಅದನ್ನೂ ಕೊಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಇನ್ನು ಕೊಳೆಯುವ ಗಿಡದ ಮಾತು. ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಬುಡ ಮತ್ತು ಬೇರಿನಲ್ಲಿ ಫ್ಯುಸೇರಿಯಂ ಸುಮಾರು 3 ವರ್ಷ ಬದುಕುತ್ತದೆ. ವರ್ಷ ವರ್ಷ ತೊಗರಿಯನ್ನೇ ಬಿತ್ತಿದರೆ ಅದಕ್ಕೆ ಹಬ್ಬ. ತೊಗರಿ ಜೊತೆ ಬಿಳಿಜೋಳದ ಸಾಲು ಹಾಕಿದ ಹೊಲದಲ್ಲಿ ನೆಟೆ ಕಡಿಮೆ, ಇದನ್ನು ಪ್ರಯೋಗಗಳಲ್ಲೂ ನೋಡಿದ್ದಾರೆ, ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಅದೇ. ರೋಗ ಬಂದ ಹೊಲಕ್ಕೆ ಎರಡು ಮೂರು ವರ್ಷ ಜೋಳವನ್ನೇ ಬಿತ್ತಿ. ಒಣಗಿದ ಗಿಡವನ್ನು ಕಂಡ ಕೂಡಲೇ ಬೇರು ಸಮೇತ ಕೀಳಿ. ಕಿತ್ತ ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಬೇಡಿ, ತಿಪ್ಪೆಗಂತೂ ಹಾಕಲೇಬೇಡಿ, ಮುಂದಿನ ವರ್ಷ ಗೊಬ್ಬರದ ಜೊತೆ ರೋಗವೂ ಹೊಲಕ್ಕೆ ವಾಪಸ್ ಹೋಗುತ್ತದೆ. ಒಲೆಗೆ ಹಾಕಿ ಸುಟ್ಟುಬಿಡಿ.