ಹಾಕಿ ತಂಡವನ್ನು ಯಾವ ಆಟಗಾರನನ್ನು ನಂಬಿ ಕಟ್ಟಬೇಕು?

ತಾಲ್ಲೂಕು ಮಟ್ಟದ ಶಾಲಾ ಪಂದ್ಯಗಳು ಮುಗಿದು ಜಿಲ್ಲಾ ತಂಡಕ್ಕೆ ಆಯ್ಕೆ ಶುರುವಾದರೆ ಸಾಕು, ಪಿಟಿ ಮೇಷ್ಟ್ರುಗಳು ತಮ್ಮ ಮಕ್ಕಳನ್ನು ಪರಿಚಯಿಸುವ ರೀತಿ ಹೆಚ್ಚುಕಡಿಮೆ ಒಂದೇ. "ಸಾರ್, ನಮ್ಮ ಸ್ಕೂಲಲ್ಲಿ ಜಾಸ್ತಿ ಗೋಲ್ ಹೊಡೆದಿರೋದು ಇವನೇ. ಇವನೊಬ್ಬ ಇದ್ರೆ ಟೀಮ್ ತಾನಾಗೇ ಆಗುತ್ತೆ." ತುಮಕೂರಿನಲ್ಲಿ ಹಾಕಿ ಕಲಿಸುವ ನನಗೆ ಈ ಮಾತಿನ ಹಿಂದಿನ ಪ್ರೀತಿ ಗೊತ್ತು. ಆ ಹುಡುಗನ ಆಟವನ್ನು ಗಮನವಿಟ್ಟೇ ನೋಡುತ್ತೇನೆ. ಜೊತೆಗೆ, ಅವನಿಗೆ ಚೆಂಡು ಎಲ್ಲಿಂದ ಬಂತು, ಕೊಟ್ಟವರು ಯಾರು ಅಂತಲೂ ನೋಡುತ್ತೇನೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಪಕ್ಕದಲ್ಲಿ ಆಡುವವರ ಕೆಲಸವನ್ನು ಯಾರು ಸುಲಭ ಮಾಡುತ್ತಾರೋ ಅವರ ಸುತ್ತ ತಂಡ ಕಟ್ಟಬೇಕು. ಗೋಲ್ ಲೆಕ್ಕ ಆಮೇಲೆ.

ಇದಕ್ಕೆ ಮೊದಲ ಕಾರಣ ಆಟದ ನಿಯಮದಲ್ಲೇ ಇದೆ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಕಳಿಸಬಹುದು. ದೊಡ್ಡ ಪಂದ್ಯಗಳಲ್ಲಿ ಈಗ 15 ನಿಮಿಷದ 4 ಕ್ವಾರ್ಟರ್ ಆಟ. ಫಾರ್ವರ್ಡ್‌ಗಳು ಎದೆ ಒಡೆಯುವಷ್ಟು ಓಡಬೇಕು. ಹಾಗಾಗಿ ಕೆಲವು ನಿಮಿಷ ಆಡಿ ಬೆಂಚಿಗೆ ಬಂದು, ಉಸಿರು ತೆಗೆದುಕೊಂಡು ಮತ್ತೆ ಹೋಗುತ್ತಾರೆ. ಡಿಫೆನ್ಸ್ ಮತ್ತು ನಡುವಿನಲ್ಲಿ ಆಡುವವರು ಹೆಚ್ಚು ಹೊತ್ತು ಮೈದಾನದಲ್ಲೇ ಇರುತ್ತಾರೆ. ಆಗಾಗ ಬೆಂಚಿಗೆ ಬರಲೇಬೇಕಾದವನನ್ನು ನಂಬಿ ಇಡೀ ಆಟದ ಯೋಜನೆ ಮಾಡಿದರೆ, ಅವನಿಲ್ಲದ ನಿಮಿಷಗಳಲ್ಲಿ ಉಳಿದವರಿಗೆ ದಾರಿಯೇ ತೋಚುವುದಿಲ್ಲ.

ಇಲ್ಲಿ ಒಬ್ಬರು ಭಾರತ ತಂಡದ ಹರ್ಮನ್‌ಪ್ರೀತ್ ಸಿಂಗ್ ಹೆಸರು ಎತ್ತೇ ಎತ್ತುತ್ತಾರೆ. ಎತ್ತಬೇಕಾದ ಹೆಸರೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು 10 ಗೋಲ್ ಹೊಡೆದರು. ಕಂಚಿನ ಪದಕದ ಪಂದ್ಯದಲ್ಲಿ ಸ್ಪೇನ್ ವಿರುದ್ಧ 2-1ರಿಂದ ಗೆದ್ದಾಗ ಎರಡೂ ಗೋಲ್ ಅವರದ್ದೇ. ಅದೇ ವರ್ಷ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಸೂರ್ಮಾ ಹಾಕಿ ಕ್ಲಬ್ ಅವರಿಗೆ ಕೊಟ್ಟದ್ದು 78 ಲಕ್ಷ ರೂಪಾಯಿ. ಹಾಗಾದರೆ ಗೋಲ್ ಹೊಡೆಯುವವನ ಸುತ್ತಲೇ ತಂಡ ಕಟ್ಟಿದ ಹಾಗಾಯಿತು ಅಲ್ವಾ?

ಸ್ವಲ್ಪ ಬಿಡಿಸಿ ನೋಡೋಣ. ಅವರು ಡಿಫೆಂಡರ್. ಆ ಗೋಲ್‌ಗಳು ಬಂದದ್ದು ಪೆನಾಲ್ಟಿ ಕಾರ್ನರ್ ಮತ್ತು ಪೆನಾಲ್ಟಿ ಸ್ಟ್ರೋಕ್‌ಗಳಿಂದ (ಗೋಲ್‌ಕೀಪರ್ ಒಬ್ಬರ ಎದುರು ಹೊಡೆಯುವ ಹೊಡೆತ). ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್ ಅನ್ನುವುದು ಒಬ್ಬರಿಂದ ಆಗುವ ಕೆಲಸವಲ್ಲ. ಗೋಲಿನ ಗೆರೆಯಿಂದ ಒಬ್ಬ ಚೆಂಡನ್ನು ತಳ್ಳಿ ಕೊಡಬೇಕು. ಅದು ಡೀ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದ ಗೆರೆ ದಾಟಿ ಹೊರಗೆ ಬರಬೇಕು. ಇನ್ನೊಬ್ಬ ಅದನ್ನು ಕದಲದಂತೆ ನಿಲ್ಲಿಸಬೇಕು. ಆಮೇಲೆ ಫ್ಲಿಕ್, ಅಂದರೆ ಸ್ಟಿಕ್‌ನಿಂದ ಚೆಂಡನ್ನು ಎಳೆದು ಗೋಲಿನತ್ತ ಎಸೆಯುವುದು. ತಳ್ಳಿದ್ದು ಒಂದಿಷ್ಟು ನಿಧಾನವಾದರೆ ತಡೆಯಲು ಓಡಿಬರುವ ಎದುರಾಳಿ ರಷರ್ ಮೈಮೇಲೆ ಬಂದಿರುತ್ತಾನೆ. ನಿಲ್ಲಿಸಿದ್ದು ಒಂದಿಷ್ಟು ಉರುಳಿದರೆ ಎಂಥ ಫ್ಲಿಕ್ಕರ್‌ಗೂ ಸ್ಟಿಕ್‌ಗೆ ಚೆಂಡು ಸರಿಯಾಗಿ ಕೂರುವುದಿಲ್ಲ. ಅದಕ್ಕೂ ಮೊದಲು ಯಾರಾದರೂ ಡೀ ಒಳಗೆ ನುಗ್ಗಿ ಕಾರ್ನರ್ ಗಳಿಸಿ ಕೊಡಬೇಕು. ಸಿಕ್ಕ ಕೋನದಿಂದ ಸುಮ್ನೆ ಹೊಡೆದುಬಿಡುವ ಆಸೆ ಬಿಟ್ಟು, ಡಿಫೆಂಡರ್‌ನ ಕಾಲಿಗೆ ಚೆಂಡು ತಾಗಿಸಿ ಕಾರ್ನರ್ ತೆಗೆದುಕೊಳ್ಳುವ ಫಾರ್ವರ್ಡ್ ಬೇಕು. ಅವನ ಹೆಸರು ಗೋಲ್ ಪಟ್ಟಿಯಲ್ಲಿ ಬರುವುದೇ ಇಲ್ಲ.

ಇನ್ನೊಂದು ನಿಯಮ ನಮ್ಮ ಕಡೆ ತುಂಬಾ ಜನಕ್ಕೆ ತಿಳಿದಿಲ್ಲ. ಪೆನಾಲ್ಟಿ ಕಾರ್ನರ್ ಸಿಕ್ಕಿದ ಮೇಲೆ ಅದು ಮುಗಿಯುವವರೆಗೆ ಆಟಗಾರರನ್ನು ಬದಲಾಯಿಸುವಂತಿಲ್ಲ. ಗೋಲ್‌ಕೀಪರ್ ವಿಷಯದಲ್ಲಿ ಮಾತ್ರ ವಿನಾಯಿತಿ ಇದೆ. ಫ್ಲಿಕ್ಕರ್ ಬೆಂಚಿನಲ್ಲಿ ಕೂತಿದ್ದರೆ ಕೂತಂತೆಯೇ. ಹಾಗಾಗಿ ಫ್ಲಿಕ್ ಬಿಟ್ಟು ಬೇರೇನೂ ಬಾರದವನನ್ನು ಇಟ್ಟುಕೊಳ್ಳುವುದು ಕಷ್ಟ. ಹರ್ಮನ್‌ಪ್ರೀತ್ ಅಷ್ಟು ಬೆಲೆ ಬಾಳುವುದು ಡಿಫೆನ್ಸ್‌ನಲ್ಲಿ ನಿಂತು ಹೆಚ್ಚು ಹೊತ್ತು ಆಡಬಲ್ಲರು ಅನ್ನುವುದಕ್ಕೂ ಹೌದು. ಹಿಂದಿನಿಂದ ಉದ್ದದ ಸ್ಕೂಪ್ ಎತ್ತಿ ಎದುರಾಳಿಗಳ ತಲೆ ಮೇಲಿಂದ ತಮ್ಮ ಫಾರ್ವರ್ಡ್‌ಗೆ ಚೆಂಡು ಇಳಿಸುತ್ತಾರಲ್ಲ, ನಾನು ಮಕ್ಕಳಿಗೆ ತೋರಿಸುವುದು ಆ ವಿಡಿಯೋ.

ಅದೇ ಒಲಿಂಪಿಕ್ಸ್‌ನ ಇನ್ನೊಬ್ಬ ಆಟಗಾರನ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. ಅಮಿತ್ ರೋಹಿದಾಸ್ ಆಗ ನಮ್ಮ ತಂಡದ ಮೊದಲ ರಷರ್. ಎದುರಾಳಿಗಳ ಪೆನಾಲ್ಟಿ ಕಾರ್ನರ್ ವೇಳೆ ಗೋಲ್ ಗೆರೆಯಿಂದ ಹೊರಟು ಫ್ಲಿಕ್ಕರ್‌ಗೆ ಎದೆಯೊಡ್ಡಿ ಓಡುವವರು. ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲೇ ಅವರಿಗೆ ರೆಡ್ ಕಾರ್ಡ್ ಸಿಕ್ಕಿತು. ಉಳಿದ ಆಟ 10 ಜನರಲ್ಲೇ. ಸ್ಕೋರ್ 1-1 ಆಗಿ ಶೂಟೌಟ್‌ನಲ್ಲಿ 4-2ರಿಂದ ಗೆದ್ದೆವು. ಮುಂದಿನ ಸೆಮಿಫೈನಲ್‌ನಲ್ಲಿ ಆ ಕಾರ್ಡ್‌ನಿಂದಾಗಿ ರೋಹಿದಾಸ್ ಇರಲಿಲ್ಲ, ಜರ್ಮನಿ ವಿರುದ್ಧ 2-3ರಿಂದ ಸೋತೆವು. ಅವರೊಬ್ಬರಿದ್ದರೆ ಗೆಲ್ಲುತ್ತಿದ್ದೆವು ಅಂತ ನಾನು ಹೇಳುವುದಿಲ್ಲ. ಆದರೆ ತಂಡ ಕಟ್ಟುವಾಗ ಯಾರಿಲ್ಲದಿದ್ದರೆ ಎಷ್ಟು ಕೆಲಸ ನಿಂತುಹೋಗುತ್ತದೆ ಅನ್ನುವ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಗೋಲ್ ಪಟ್ಟಿಯಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ.

ಈಗ ನಮ್ಮ ಮೈದಾನಕ್ಕೆ ಬರೋಣ. ಸಿರಾ, ಗುಬ್ಬಿ, ಮಧುಗಿರಿ, ತಿಪಟೂರು ಕಡೆಯಿಂದ ಬರುವ ಮಕ್ಕಳು ಹೆಚ್ಚಾಗಿ ಕಲಿತಿರುವುದು ಮಣ್ಣಿನ ಮೈದಾನದಲ್ಲಿ. ಗರಸು ಮಣ್ಣಿನಲ್ಲಿ ಚೆಂಡು ಯಾವಾಗ ನೆಗೆಯುತ್ತದೋ ಹೇಳಲಾಗದು. ಹಾಗಾಗಿ ಮಕ್ಕಳು ಚೆಂಡಿನ ಮೇಲಿಂದ ಕಣ್ಣು ತೆಗೆಯುವುದಿಲ್ಲ. ತಪ್ಪು ಅವರದ್ದಲ್ಲ. ಬೆಂಗಳೂರಿನ ಶಾಂತಿನಗರದ ಕಾರ್ಯಪ್ಪ ಕ್ರೀಡಾಂಗಣದ ಟರ್ಫ್ (ಕೃತಕ ಹುಲ್ಲು) ಮೇಲೆ ಇದೇ ಮಕ್ಕಳನ್ನು ಇಳಿಸಿದರೆ ಮೊದಲ ಟ್ರ್ಯಾಪ್‌ನಲ್ಲೇ (ಬರುವ ಚೆಂಡನ್ನು ಸ್ಟಿಕ್‌ನಿಂದ ನಿಲ್ಲಿಸುವಾಗ) ಚೆಂಡು ಸ್ಟಿಕ್ ಬಿಟ್ಟು ಜಾರುತ್ತದೆ. ಅಷ್ಟು ವೇಗ. ಆ ಒಂದು ಟ್ರ್ಯಾಪ್ ನೋಡಿ ಮಕ್ಕಳನ್ನು ಕೈಬಿಡುವ ಆಯ್ಕೆಗಾರರ ಬಗ್ಗೆ ನನಗೆ ಬೇಸರವಿದೆ. ಟ್ರ್ಯಾಪ್ ಕಲಿಸಬಹುದು. ಟರ್ಫ್ ಮೇಲೆ ಅಭ್ಯಾಸ ಸಿಕ್ಕರೆ ಬೇಗ ಹತೋಟಿಗೆ ಬರುತ್ತದೆ.

ಕಲಿಸಲು ತುಂಬಾ ಸಮಯ ಹಿಡಿಯುವುದು ತಲೆ ಎತ್ತಿ ನೋಡುವ ಅಭ್ಯಾಸ. ಚೆಂಡು ತನ್ನ ಕಡೆ ಬರುವ ಮೊದಲೇ ಭುಜದ ಮೇಲಿಂದ ಹಿಂದೆ ಒಮ್ಮೆ ನೋಡುವ ಮಗು ಸಿಕ್ಕರೆ, ಅದೂ ಮಣ್ಣಿನ ಮೈದಾನದಲ್ಲಿ, ಅವರ ಹೆಸರನ್ನು ಆಗಲೇ ಬರೆದುಕೊಳ್ಳಿ. ತೋಟದಲ್ಲಿ ನೀರು ಕಟ್ಟುವವರನ್ನು ನೋಡಿದ್ದೀರಲ್ಲ. ಈ ಪಾತಿ ತುಂಬುವ ಮೊದಲೇ ಮುಂದೆ ಯಾವ ಪಾತಿಗೆ ಬಿಡಬೇಕು ಅಂತ ನೋಡಿಕೊಂಡಿರುತ್ತಾರೆ, ಆಮೇಲೆ ಮಡೆ ತಿರುಗಿಸುತ್ತಾರೆ. ನಡುವಿನಲ್ಲಿ ಆಡುವ ಒಳ್ಳೆಯ ಸೆಂಟರ್ ಹಾಫ್ ಮಾಡುವುದೂ ಇದನ್ನೇ. ನನ್ನ ಹತ್ತಿರ ಆಡಿದ ಹುಡುಗಿಯೊಬ್ಬಳು ಎದುರಾಳಿಯನ್ನು ಡಾಡ್ಜ್ ಮಾಡಿ ತಪ್ಪಿಸಿಕೊಂಡದ್ದನ್ನು ನಾನು ನೋಡಿದ್ದೇ ಅಪರೂಪ. ಅವಳ ಪುಶ್ ಪಾಸ್ ಮಾತ್ರ ಪ್ರತಿ ಸಲ ಜೊತೆಯವಳ ಸ್ಟಿಕ್‌ನ ಮುಂಭಾಗಕ್ಕೆ, ಓಡುವ ದಿಕ್ಕಿಗೇ ಹೋಗುತ್ತಿತ್ತು. ಅವಳಿದ್ದರೆ ಮೈದಾನದ ಅಂಚಿನಲ್ಲಿ ಓಡುವ ಸಾಧಾರಣ ವಿಂಗರ್ ಕೂಡ ಚೆನ್ನಾಗಿ ಆಡುತ್ತಿದ್ದಳು.

ವಿಂಗರ್ ಅಂದರೆ ನಮ್ಮ ರಾಜ್ಯದವರಿಗೆ ನೆನಪಾಗುವುದು ಸೋಮವಾರಪೇಟೆಯ ಎಸ್.ವಿ. ಸುನಿಲ್. ಅಂಥ ಓಟ ಕಲಿಸಿ ಬರುವಂಥದ್ದಲ್ಲ. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು, ಕೊಡಗಿನವರೇ ಆದ ಡ್ರ್ಯಾಗ್ ಫ್ಲಿಕ್ಕರ್ ವಿ.ಆರ್. ರಘುನಾಥ್ ಇದ್ದರು, ಗೋಲಿನಲ್ಲಿ ಶ್ರೀಜೇಶ್. ಈ ಎಲ್ಲರ ನಡುವೆ ನಿಂತು ಆಟದ ವೇಗವನ್ನು ಏರಿಸುತ್ತಾ ಇಳಿಸುತ್ತಾ ಇದ್ದವರು ನಾಯಕ ಸರ್ದಾರ್ ಸಿಂಗ್. ಸುನಿಲ್ ಅವರ ಓಟಕ್ಕೆ ಬೆಲೆ ಬರಬೇಕಾದರೆ ಚೆಂಡು ಸರಿಯಾದ ಕ್ಷಣಕ್ಕೆ ಅವರ ಮುಂದೆ ಬೀಳಬೇಕು. ಆ ಕ್ಷಣ ಯಾವುದು ಅಂತ ನಿರ್ಧರಿಸುವ ತಲೆ ತಂಡದ ನಡುವಿನಲ್ಲಿರಬೇಕು.

ಆಯ್ಕೆಯ ದಿನ ನಾನು ತಪ್ಪದೆ ನೋಡುವುದು ಇನ್ನೊಂದಿದೆ: ಚೆಂಡು ಕಳೆದುಕೊಂಡ ಮೇಲಿನ ಕೆಲವೇ ಕ್ಷಣ. ಕೆಲವರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಕೆಲವರು ಪಾಸ್ ಕೊಟ್ಟವನ ಕಡೆ ಗುರಾಯಿಸುತ್ತಾರೆ. ಕೆಲವರು ಸಿಟ್ಟಿಗೆ ಹಿಂದಿನಿಂದ ಸ್ಟಿಕ್ ಬೀಸುತ್ತಾರೆ. ಗ್ರೀನ್ ಕಾರ್ಡ್ ಆದರೆ 2 ನಿಮಿಷ, ಹಳದಿಯಾದರೆ ಕಡಿಮೆಯೆಂದರೂ 5 ನಿಮಿಷ ತಂಡ ಒಬ್ಬ ಕಡಿಮೆಯಾಗಿ ಆಡಬೇಕು. ಮುಖ್ಯ ಆಟಗಾರನಿಗೇ ಆ ಸಿಟ್ಟಿದ್ದರೆ ಎದುರಾಳಿಗಳು ಅವನನ್ನು ಕೆಣಕಿಯೇ ಪಂದ್ಯ ಗೆಲ್ಲುತ್ತಾರೆ. ಚೆಂಡು ಹೋದ ಕೂಡಲೇ ತಿರುಗಿ, ಎದುರಾಳಿ ಮತ್ತು ನಮ್ಮ ಗೋಲಿನ ನಡುವೆ ಓಡಿ ನಿಲ್ಲುವ ಮಗುವನ್ನು ಯಾವ ತಂಡದಲ್ಲಿ ಬೇಕಾದರೂ ಕಣ್ಣು ಮುಚ್ಚಿ ಹಾಕಬಹುದು.

ಇಂಥವರೇ ನಾಯಕರಾಗಬೇಕು ಅಂತೇನಿಲ್ಲ. ಕೆಲವು ಮಕ್ಕಳು ಮಾತು ಕಡಿಮೆ. ಅವರಿಗೆ ಸುಮ್ನೆ ಆಡಲು ಬಿಡಿ, ಟಾಸ್‌ಗೆ ಬೇರೆಯವರು ಹೋಗಲಿ. ತಂಡದ ಭಾರವೆಲ್ಲ ಹೊತ್ತಿದ್ದಾರೆ ಅಂತ ನೋವಿದ್ದರೂ ಆಡಿಸಬೇಡಿ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮಂಡಿ, ಬೆನ್ನು ಇನ್ನೂ ಬಲಿಯುತ್ತಿರುತ್ತವೆ. ಒಂದು ವಿಭಾಗ ಮಟ್ಟದ ಪಂದ್ಯಕ್ಕಾಗಿ ಅವನ್ನು ಪಣಕ್ಕಿಡುವುದು ಸರಿಯಲ್ಲ.

ಜಿಲ್ಲಾ ಮಟ್ಟದಲ್ಲಿ ನಮಗೆ ಇನ್ನೊಂದು ವಿಶೇಷ ಕಷ್ಟವಿದೆ. ಒಳ್ಳೆಯ ಆಟಗಾರ ಕ್ರೀಡಾ ಹಾಸ್ಟೆಲ್‌ಗೆ ಆಯ್ಕೆಯಾಗಿ ಊರು ಬಿಡುತ್ತಾನೆ. ಇಲ್ಲವೇ ಎಸ್ಸೆಸ್ಸೆಲ್ಸಿ ಬಂತು ಅಂತ ಮನೆಯವರು ಆಟ ಬಿಡಿಸುತ್ತಾರೆ. ಹೋಗುವ ಮಗುವನ್ನು ತಡೆಯಬಾರದು, ಹಾಸ್ಟೆಲ್‌ಗೆ ಅರ್ಜಿ ಹಾಕಿಸಬೇಕಾದವರೇ ನಾವು. ಹಾಗಾಗಿ ನಡುವೆ ಆಡುವ ಮಗುವನ್ನು ಆರಿಸಿದ ದಿನವೇ ಅದರ ಪಕ್ಕಕ್ಕೆ ಎರಡು ವರ್ಷ ಚಿಕ್ಕ ಮಗುವೊಂದನ್ನು ಹಾಕುತ್ತೇನೆ. ಅಭ್ಯಾಸದಲ್ಲಿ ಇಬ್ಬರದ್ದೂ ಒಂದೇ ಜಾಗ, ಒಂದೇ ಡ್ರಿಲ್. ಪಂದ್ಯದಲ್ಲಿ ಪ್ರತಿ ಕ್ವಾರ್ಟರ್‌ನ ಕೊನೆಯ ಕೆಲವು ನಿಮಿಷ ಚಿಕ್ಕವರಿಗೆ. ಮೊದಮೊದಲು ಆ ನಿಮಿಷಗಳಲ್ಲಿ ಗೋಲ್ ಬಿಟ್ಟುಕೊಡುವುದುಂಟು, ಪಾಲಕರು ಗೆರೆಯ ಆಚೆಯಿಂದ ಕೂಗುವುದೂ ಉಂಟು. ಆದರೂ ಆ ನಿಮಿಷಗಳನ್ನು ನಾನು ಕಡಿಮೆ ಮಾಡುವುದಿಲ್ಲ. ದೊಡ್ಡವರು ಹಾಸ್ಟೆಲ್‌ಗೆ ಹೋದ ವರ್ಷ ಆ ಜಾಗದಲ್ಲಿ ನಿಲ್ಲಬೇಕಾದವರು ಇವರೇ.